ಜಾಲರಿಯಿಲ್ಲದ ಯಂತ್ರ

ಎರಕದಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ! ಅಪ್ಪ ಸತ್ತಾಗ ಎರಕದ ಶೆಡ್ಡಿಗೆ ಬೀಗ ಜಡಿ, ಹೆಂಗಸಿಗ್ಯಾಕೆ ಬೆಂಕಿಯ ಸಹವಾಸ ಎಂದವರೂ ಇವರೇ. ಆಮೇಲೆ ಮುರಿದ ನಲ್ಲಿ, ಬಾಗಿಲ ಹಿಡಿ ತಂದು ಅದೇ ಶೆಡ್ಡಿನ ಮುಂದೆ ಹಲ್ಲು ಗಿಂಜಿದವರೂ ಇವರೇ. ಆಕೆ ಬೀಗ ಜಡಿಯಲಿಲ್ಲ. ತಲೆ ನರೆತರೂ ಮೂಸೆಯಲ್ಲಿ ಹಿತ್ತಾಳೆ ಕರಗಿಸುವುದನ್ನು ಬಿಡಲಿಲ್ಲ.

ಈ ಸಲ ಬಂದದ್ದು ಕಾರ್ಖಾನೆಯ ಕೆಲಸ. ತಗಡು ಒತ್ತುವ ಹಳೆಯ ಪ್ರೆಸ್ಸನ್ನು ಗುಜರಿಗೆ ಹಾಕಿದ್ದರು. ಅದರದೇ ಮೊಳದೆತ್ತರದ ಮಾದರಿಯೊಂದನ್ನು ಕಚೇರಿಯ ಬಾಗಿಲಲ್ಲಿ ಇಡಬೇಕಂತೆ. ಆಕೆ ಒಪ್ಪಿಕೊಂಡಳು. ಅವಳ ಅಣ್ಣನ ಬಲಗೈಯ ಎರಡು ಬೆರಳು ನುಂಗಿದ್ದು ಆ ಯಂತ್ರವೇ. ಅದು ಇದ್ದದ್ದು ಇದ್ದ ಹಾಗೇ ಅಲ್ಲಿ ಕೂರಬೇಕು, ಹೋಗಿ ಬರುವವರೆಲ್ಲ ನೋಡಲಿ ಎಂಬುದು ಅವಳ ಹಠ. ಹಲ್ಲುಚಕ್ರ, ಗಾಲಿ, ಹಿಡಿಕೆ, ಒಂದೊಂದನ್ನೂ ಮೊದಲು ಮರದಲ್ಲಿ ಕೆತ್ತಿದಳು. ಲೋಹ ಆರುವಾಗ ಕುಗ್ಗುತ್ತದಲ್ಲ, ಅದಕ್ಕೆ ಕೂದಲೆಳೆಯಷ್ಟು ದೊಡ್ಡದಾಗಿಯೇ ಕೆತ್ತಿದಳು. ಒದ್ದೆ ಮರಳಿನಲ್ಲಿ ಅಚ್ಚೊತ್ತಿ ಹಿತ್ತಾಳೆ ಹೊಯ್ದಳು. ಮೊದಲ ಚಕ್ರದಲ್ಲಿ ಗುಳ್ಳೆ ಬಿದ್ದವು. ಬಾಯಿಗೆ ಬಂದದ್ದು ಬೈದು, ಮತ್ತೆ ಕರಗಿಸಿದಳು.

ಎಲ್ಲ ಮುಗಿಯುತ್ತಾ ಬಂದಾಗ ಅಣ್ಣ ಬಂದ. ಬೆರಳು ಹೋದ ಮೇಲೆ ಅವನು ಅದೇ ಕಾರ್ಖಾನೆಯ ಗೇಟು ಕಾಯುತ್ತಾನೆ. ಕೈಯಲ್ಲಿ ಮರದ ಪುಟ್ಟದೊಂದು ಜಾಲರಿಯಿತ್ತು.

"ಇದನ್ನೂ ಎರಕ ಹೊಯ್ದು ಪ್ರೆಸ್ಸಿನ ಮುಂದೆ ಕೂರಿಸ್ಬೇಕಂತೆ. ಕೈ ಒಳಗೆ ಹೋಗದ ಹಾಗೆ ತಡೆಯೋ ಜಾಲರಿ. ಸಾಹೇಬ್ರು ಕಳಿಸಿದ್ದಾರೆ."

"ಎಲ್ಲಿತ್ತಣ್ಣಾ ಜಾಲರಿ?"

ಅವನು ನೆಲ ನೋಡಿದ. "ಇರ್ಲಿಲ್ಲ."

"ಇದ್ದಿದ್ರೆ ನಿನ್ನ ಬೆರಳೂ ಇರ್ತಿದ್ವು! ಯಾರ ಕಣ್ಣಿಗೆ ಮಣ್ಣೆರಚೋಕೆ ಇದು? ನಾನು ಹೊಯ್ಯಲ್ಲ, ಹೋಗಿ ಹೇಳು."

"ಹಠ ಮಾಡ್ಬೇಡ ಕಣೇ. ನನ್ನ ಹೊಟ್ಟೆ ಮೇಲೆ ಹೊಡೀತಾರೆ."

ಅವಳು ಬಗ್ಗಲಿಲ್ಲ. ಮರಳಿನ ಪೆಟ್ಟಿಗೆಯನ್ನು ಅವನ ಮುಂದಕ್ಕೆ ತಳ್ಳಿದಳು.

"ಹಾಗಾದ್ರೆ ಅಚ್ಚು ನೀನೇ ಒತ್ತು. ನೀನು ಒತ್ತಿದ್ರೆ ನಾನು ಹೊಯ್ತೀನಿ, ಮಾತಿಗೆ ತಪ್ಪಲ್ಲ."

ಅಪ್ಪನ ಕೈಕೆಳಗೆ ಅವನೂ ಕಲಿತವನೇ. ಜಾಲರಿಯನ್ನು ಪಕ್ಕಕ್ಕಿಟ್ಟು, ಮೊದಲು ಮರಳನ್ನು ಬಲಗೈಯಿಂದ ತಟ್ಟಿ, ಅದುಮಿ, ಸಮ ಮಾಡಿದ. ಕೈಯೆತ್ತಿದಾಗ ಅದರ ಗುರುತು ಹಾಗೇ ಉಳಿದಿತ್ತು. ಹೆಬ್ಬೆರಳು, ತೋರುಬೆರಳು, ಆಚೆ ಕಿರುಬೆರಳು. ನಡುವೆ ಬರೀ ಮರಳು.

ಅವನು ಅದನ್ನೇ ನೋಡುತ್ತಾ ಕೂತ.

ಅಣ್ಣ ಎದ್ದ. ಜಾಲರಿಯನ್ನು ಎತ್ತಿಕೊಂಡು ನೇರ ಕುಲುಮೆಯ ಬೆಂಕಿಗೆ ಎಸೆದ.

"ಸಾಹೇಬ್ರು ಕೇಳಿದ್ರೆ ನೀನು ಮಧ್ಯೆ ಬಾಯಿ ಹಾಕ್ಬೇಡ," ಎಂದ. "ಸುಟ್ಟಿದ್ದು ನಾನು ಅಂತ ನಾನೇ ಹೇಳ್ತೀನಿ. ಯಾವ ಕೈಯಿಂದ ಸುಟ್ಟೆ ಅಂತಾನೂ ತೋರಿಸ್ತೀನಿ."