ಲಿಫ್ಟಣ್ಣ ಹೊರಗಿನವನಾದದ್ದು

ಆ ಆರಂತಸ್ತಿನ ಕಟ್ಟಡದಲ್ಲಿ ಲಿಫ್ಟ್ ಕೆಟ್ಟರೆ ಬೈಸಿಕೊಳ್ಳುವವನು ಒಬ್ಬನೇ, ಮೇಲಿನ ಮನೆಯ ಲಿಫ್ಟಣ್ಣ. ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವುದೇ ಅವನ ಕಸುಬು. ಮೀಸೆ ಮೂಡುವ ವಯಸ್ಸಿನಲ್ಲಿ ಯಾವುದೋ ದೇಶದಿಂದ ಬಂದು, ಇಲ್ಲಿಯೇ ಮದುವೆಯಾಗಿ, ಇಲ್ಲಿಯೇ ತಲೆ ನರೆಸಿಕೊಂಡವನು. ಅವನು ಹೊರಗಿನವನೆಂಬುದು ಕಟ್ಟಡದವರಿಗೆ ಮರೆತೇ ಹೋಗಿತ್ತು. ಮೂರನೇ ಅಂತಸ್ತಿನ ಅಜ್ಜಿಯಂತೂ ಅವನನ್ನು ಕಂಡಲ್ಲೇ ಜಾಡಿಸುತ್ತಿದ್ದಳು.

"ಊರವರ ಲಿಫ್ಟೆಲ್ಲ ಸರಿಮಾಡ್ತೀಯ, ನಮ್ಮದು ಮಾತ್ರ ಕಣ್ಣಿಗೆ ಬೀಳಲ್ಲ ಅಲ್ವೇನೋ, ಸೋಮಾರಿ?"

"ಬಾಗಿಲಿಗೆ ಚೀಲ ಅಡ್ಡ ಇಟ್ಟು ಹರಟೆ ಹೊಡೆಯೋರು ಯಾರಜ್ಜಿ?" ಅವನೂ ಬಿಡುತ್ತಿರಲಿಲ್ಲ.

ಹೀಗೆ ಎಲ್ಲ ಸುಖವಾಗಿದ್ದಾಗ ಸರ್ಕಾರಕ್ಕೆ ಹೊರಗಿನವರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ವಿದೇಶಿ ನಿವಾಸಿಗಳನ್ನು ಸಮಾಜದೊಳಗೆ ಸೇರಿಸಿಕೊಳ್ಳಬೇಕೆಂದು ಹೊಸ ನೀತಿ ಬಂತು. ಸರ್ಕಾರದ ಪ್ರೀತಿಯೆಂದರೆ ಸುಮ್ಮನೆಯೇ? ಇವನು ನಮ್ಮೊಳಗೆ ಬೆರೆತಿದ್ದಾನೆಂದು ನೆರೆಯವರು ಹೇಳಿದರೆ ಕಾಯಂ ಪರವಾನಗಿ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಲಿಫ್ಟಣ್ಣನಿಗೂ ನೋಟೀಸು ಬಂತು. ಹೆಂಡತಿ ಮಕ್ಕಳನ್ನು ಬಿಟ್ಟು, ಮಾತೇ ಮರೆತುಹೋದ ಊರಿಗೆ ಹೋಗಿ ಅವನು ಮಾಡುವುದಾದರೂ ಏನು? ಆ ವಾರವಿಡೀ ಅಜ್ಜಿಗೆ ಎದುರಾಡಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮೊದಲು ತಟ್ಟಿದ್ದೇ ಅಜ್ಜಿಯ ಬಾಗಿಲು. ಲಿಫ್ಟಣ್ಣ ಮೆಟ್ಟಿಲ ತಿರುವಿನಲ್ಲಿ ಕಿವಿಗೊಟ್ಟು ನಿಂತ.

"ನಿಮ್ಮ ಕಟ್ಟಡದಲ್ಲಿರೋ ವಿದೇಶಿ ಹೇಗಮ್ಮ?"

"ಇಲ್ಲಿ ಯಾವ ವಿದೇಶಿಯಪ್ಪಾ?"

ಅಧಿಕಾರಿ ಫೋಟೋ ತೋರಿಸಿದ.

"ಅಯ್ಯೋ, ಇವನಾ! ಇವನು ನಮ್ಮ ಲಿಫ್ಟಣ್ಣ. ಮಹಾ ಸೋಮಾರಿ. ಬೇಕಾದ್ರೆ ಕರ್ಕೊಂಡು ಹೋಗಿ ಸ್ವಲ್ಪ ಬುದ್ಧಿ ಹೇಳಿ. ಆದ್ರೆ ಸಂಜೆಯೊಳಗೆ ಕಳಿಸಿಬಿಡಿ, ಲಿಫ್ಟ್ ನಿಂತಿದೆ."

ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಪರವಾನಗಿ ಬಂತು. ಅದರ ಬೆನ್ನಿಗೇ ಕಟ್ಟಡದವರಿಗೆಲ್ಲ ಸರ್ಕಾರಿ ತರಬೇತಿಯೂ ಬಂತು, ವಿದೇಶಿ ನೆರೆಯವರೊಡನೆ ಮನ ನೋಯಿಸದೆ ಮಾತಾಡುವುದು ಹೇಗೆಂದು. ಅಜ್ಜಿ ಮುಂದಿನ ಸಾಲಿನಲ್ಲೇ ಕೂತು ಗಮನವಿಟ್ಟು ಕೇಳಿದಳು. ಇಷ್ಟು ವರ್ಷ ಎಂಥ ತಪ್ಪು ಮಾಡಿಬಿಟ್ಟೆನೆಂದು ಪಾಪ, ಮರುಗಿದಳು ಕೂಡ.

ಮರುದಿನ ಲಿಫ್ಟ್ ಎರಡು ಅಂತಸ್ತುಗಳ ನಡುವೆ ಕೈಕೊಟ್ಟಿತು. ಒಳಗಿದ್ದವಳು ಅಜ್ಜಿಯೇ. ಲಿಫ್ಟಣ್ಣ ಬಾಗಿಲು ಬಿಡಿಸಿ, ಕೈಹಿಡಿದು ಅವಳನ್ನು ಇಳಿಸಿಕೊಂಡ. ಇನ್ನು ಬೈಗುಳದ ಸುರಿಮಳೆಯೇ ಎಂದು ಆಸೆಯಿಂದ ಕಾದ.

ಅಜ್ಜಿ ಮುಗುಳ್ನಕ್ಕಳು. ಒಂದೊಂದೇ ಮಾತು ಬಿಡಿಸಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ ಹೇಳಿದಳು: "ತುಂಬಾ ಉಪಕಾರ ಆಯ್ತು. ನಿಮಗೆ... ನಮ್ಮ ಊರು... ಹಿಡಿಸ್ತಾ?"

ಲಿಫ್ಟಣ್ಣ ಹೊಸಬನಂತೆ ಕೈಮುಗಿದ.

"ಈಗ ತಾನೇ ಬಂದಿದ್ದೀನಿ ಅಜ್ಜಿ," ಎಂದ. "ಇನ್ನೂ ಅಭ್ಯಾಸ ಆಗ್ಬೇಕು."