ನಂದಿಬೆಟ್ಟದಲ್ಲಿ ಒಂದು ನಿದ್ದೆ

ಬಸ್ಸಿನ ಒಳಗೆ ಕೂತು ನೋಡಿದರೆ ಹೊರಗೆ ನಿಂತ ಗಂಡ ಬೇರೆಯೇ ರೀತಿ ಕಾಣುತ್ತಾನೆ. ಇದು ನನಗೆ ತಿಳಿಯಬೇಕಾದರೆ ಮದುವೆಯಾಗಿ ಎಷ್ಟೋ ವರ್ಷ ಕಳೆಯಬೇಕಾಯಿತು. ಅಲ್ಲಿಯವರೆಗೆ ಬಸ್ಸಾಗಲಿ ರೈಲಾಗಲಿ ನಮ್ಮ ಯಜಮಾನರು ಪಕ್ಕದಲ್ಲೇ ಕೂತಿರುತ್ತಿದ್ದರು. ಕಿಟಕಿಯೂ ಸಾಮಾನ್ಯವಾಗಿ ಅವರ ಕಡೆಗೇ ಇರುತ್ತಿತ್ತು. ಆ ಬೆಳಗ್ಗೆ ಮಾತ್ರ ನಾನು ಒಳಗೆ, ಅವರು ಹೊರಗೆ. ಕತ್ತು ಮೇಲೆತ್ತಿಕೊಂಡು, "ಘಾಟಿಯಲ್ಲಿ ಕೈ ಹೊರಗೆ ಹಾಕ್ಬೇಡ. ಸಿಕ್ಕ ಸಿಕ್ಕ ಕಡೆ ನೀರು ಕುಡೀಬೇಡ" ಎಂದು ಹೇಳುತ್ತಿದ್ದರು. ಮೇಲಿನಿಂದ ನೋಡಿದಾಗ ಅವರ ನೆತ್ತಿಯ ಕೂದಲು ಅಷ್ಟು ತೆಳುವಾಗಿರುವುದು ಮೊದಲ ಸಲ ಕಣ್ಣಿಗೆ ಬಿತ್ತು. ಪಾಪ ಎನಿಸಿತು. ಆದರೆ ಇಳಿಯಬೇಕೆನಿಸಲಿಲ್ಲ.

ಅರವತ್ತರ ದಶಕದ ಮೊದಮೊದಲ ವರ್ಷಗಳು. ಜಯನಗರದಲ್ಲಿ ಆಗ ಅರ್ಧ ಮನೆಗಳು, ಅರ್ಧ ಖಾಲಿ ಸೈಟುಗಳು. ಬನಶಂಕರಿ ಗುಡಿಗೆ ಹೋಗಿಬರುವುದೇ ನಮಗೆ ದೂರದ ಪ್ರಯಾಣ; ದಾರಿಯುದ್ದಕ್ಕೂ ರಾಗಿ ಹೊಲ, ಮಧ್ಯೆ ಮಧ್ಯೆ ಅವರೆಯ ಸಾಲು. ನಮ್ಮ ರಸ್ತೆಯ ಹೆಂಗಸರು ಸೇರಿ ಒಂದು ಮಹಿಳಾ ಸಮಾಜ ಕಟ್ಟಿಕೊಂಡಿದ್ದೆವು. ಅದರ ಅಧ್ಯಕ್ಷೆ ವೆಂಕಮ್ಮನವರು, ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರು ಕೆಮ್ಮಿದರೂ ನಾವೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದೆವು. ಕಸೂತಿ, ಭಜನೆ, ಟೊಮ್ಯಾಟೊ ಜಾಮ್ ಮಾಡುವ ಕ್ರಮ, ಇವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವರು, "ಆಷಾಢ ಬಂತು. ಹಬ್ಬ ಇಲ್ಲ, ಮದುವೆ ಇಲ್ಲ. ಒಂದು ದಿನ ನಂದಿಬೆಟ್ಟಕ್ಕೆ ಹೋಗ್ಬರೋಣ, ನಾವು ನಾವೇ" ಎಂದರು. ಪೇಟೆಯ ಒಂದು ಟೂರ್ ಕಂಪನಿಯವರು ಬಸ್ಸಿನ ಜೊತೆಗೆ ಗೈಡನ್ನೂ ಕೊಡುತ್ತಾರೆ, ಬೆಳಗ್ಗೆ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು ಎಂದೂ ವಿಚಾರಿಸಿಟ್ಟಿದ್ದರು.

ಬೆಟ್ಟಕ್ಕೆ ಹೋಗುವುದರಲ್ಲಿ ಯಾವ ಮನೆಯಲ್ಲೂ ತಕರಾರಿರಲಿಲ್ಲ. ತಕರಾರೆಲ್ಲ "ನಾವು ನಾವೇ" ಎನ್ನುವುದರಲ್ಲಿತ್ತು. ನಮ್ಮ ಹಳೆಯ ಆಲಂಕಾರಿಕರು ನಾಯಿಕೆಯರನ್ನು ಎಂಟು ಬಗೆಯಾಗಿ ವಿಂಗಡಿಸಿದ್ದಾರೆ. ಅವರಲ್ಲೊಬ್ಬಳು ಪ್ರೋಷಿತಭರ್ತೃಕೆ, ಅಂದರೆ ಗಂಡ ಪ್ರವಾಸ ಹೋಗಿರುವವಳು. ಅವಳಿಗೆ ಸಿಂಗಾರ ಬೇಡ, ಊಟ ಸೇರುವುದಿಲ್ಲ, ಮೋಡ ಕಂಡರೆ ಕಣ್ಣೀರು. ಹೆಂಡತಿ ಪ್ರವಾಸ ಹೋದರೆ ಮನೆಯಲ್ಲಿ ಉಳಿದ ಗಂಡನನ್ನು ಏನೆನ್ನಬೇಕು ಎಂಬುದನ್ನು ಮಾತ್ರ ಆ ಪಂಡಿತರು ಯೋಚಿಸಿದಂತಿಲ್ಲ. ಹೀಗೆ ನಮ್ಮ ರಸ್ತೆಯ ಗಂಡಸರಿಗೆ ಶಾಸ್ತ್ರದಲ್ಲಿ ಹೆಸರೇ ಇಲ್ಲದ ಅವಸ್ಥೆ ಬಂತು. ಅವರು ಮೋಡ ನೋಡಿ ಅಳಲಿಲ್ಲ. ಸಾರು ಯಾವ ಪಾತ್ರೆಯಲ್ಲಿದೆ ಎಂದು ಕೇಳಿದರು.

ನನಗೆ ಇನ್ನೊಂದು ಕೆಲಸವಿತ್ತು. ಪಕ್ಕದ ಮನೆಯ ಸೊಸೆ ಸುಶೀಲೆಯನ್ನೂ ಕರೆದೊಯ್ಯಬೇಕೆಂದು ನನ್ನ ಆಸೆ. ಅವರದು ತುಂಬಿದ ಮನೆ. ಮಾವ, ಮೈದುನಂದಿರು, ಸಾಲಾಗಿ ಮಕ್ಕಳು, ಕೊನೆಯದು ಇನ್ನೂ ಕಂಕುಳಿನ ಕೂಸು. ನಸುಕಿನಲ್ಲಿ ನನಗೆ ಎಚ್ಚರವಾಗುತ್ತಿದ್ದದ್ದು ಅವಳು ಹಿತ್ತಲಿನಲ್ಲಿ ಹಂಡೆಯ ಒಲೆಗೆ ಸೌದೆ ಹಾಕುವ ಸದ್ದಿಗೆ. ನಾನು ದೀಪ ಆರಿಸಿ ಮಲಗುವಾಗಲೂ ಅವಳ ಪಾತ್ರೆಗಳ ಸದ್ದು ಕೇಳುತ್ತಲೇ ಇರುತ್ತಿತ್ತು. ಅವಳ ಅತ್ತೆ ಗೌರಮ್ಮನವರು ಕೆಟ್ಟವರಲ್ಲ. ಅವರಿಗೆ ಮನೆ ನಡೆಯಬೇಕು, ಅಷ್ಟೇ.

"ಮಗು ಚಿಕ್ಕದು ಜಾನಕಿ. ಮನೆ ಯಾರು ನೋಡ್ಕೋತಾರೆ?" ಎಂದರು ಗೌರಮ್ಮ.

"ಒಂದು ದಿನ ನೀವು ನೋಡ್ಕೊಳ್ಳಿ ಗೌರಮ್ಮ. ಕರ್ಕೊಂಡು ಹೋಗಿ ಕರ್ಕೊಂಡು ಬರೋ ಜವಾಬ್ದಾರಿ ನಂದು."

ಅವರು ಬಹಳ ಹೊತ್ತು ಬತ್ತಿ ಹೊಸೆಯುತ್ತ ಕೂತಿದ್ದು ಕೊನೆಗೆ, "ನಿನ್ನ ಮಾತಿನ ಮೇಲೆ ಕಳಿಸ್ತೀನಿ. ದೀಪ ಹಚ್ಚೋ ಹೊತ್ತಿಗೆ ಮನೇಲಿರಬೇಕು" ಎಂದರು.

ನಮ್ಮ ಗೈಡ್ ಶೇಷಗಿರಿಯವರು ಕಪ್ಪು ಕೋಟು ತೊಟ್ಟ ಸಣಕಲು ಮನುಷ್ಯ. ಕೊರಳಲ್ಲಿ ಸೀಟಿ, ಕೈಯಲ್ಲಿ ತಗಡಿನ ಕಹಳೆಯಂಥ ಮೆಗಾಫೋನು, ಕಂಕುಳಲ್ಲಿ ಕೊಡೆ. ಬಸ್ಸು ಹೆಬ್ಬಾಳದ ಕೆರೆ ದಾಟುತ್ತಲೇ ಎದ್ದು ನಿಂತು, "ಲೇಡೀಸ್ ಅಂಡ್ ಜಂಟಲ್‌ಮನ್" ಎಂದು ಶುರುಮಾಡಿದರು. ಬಸ್ಸಿನಲ್ಲಿದ್ದ ಒಬ್ಬನೇ ಜಂಟಲ್‌ಮನ್ ನಮ್ಮ ಡ್ರೈವರು. ತನ್ನನ್ನೇ ಕರೆದರೆಂದು ಹಿಂದಕ್ಕೆ ತಿರುಗಿ ನೋಡಿದ. ವೆಂಕಮ್ಮನವರು, "ನೀನು ಮುಂದೆ ನೋಡಪ್ಪ" ಎಂದು ಅವನಿಗೂ, "ನೀವು ಕನ್ನಡದಲ್ಲಿ ಹೇಳಿ" ಎಂದು ಗೈಡಿಗೂ ಒಂದೇ ಉಸಿರಿನಲ್ಲಿ ಹೇಳಿದರು.

ಶೇಷಗಿರಿಯವರು ಮೆಗಾಫೋನು ಕೆಳಗಿಳಿಸಿ, "ಇದನ್ನ ಕನ್ನಡದಲ್ಲಿ ಇದುವರೆಗೂ ಯಾರೂ ಕೇಳಿಲ್ಲಮ್ಮ. ಬರೋರೆಲ್ಲ ಬಿಳೀ ಜನ, ಇಲ್ಲ ಉತ್ತರದ ಕಡೆಯೋರು. ಇರಿ, ನೋಡ್ತೀನಿ" ಎಂದರು. ಅವರ ಇಂಗ್ಲಿಷು ಬಾಯಿಪಾಠದ್ದು. ಕನ್ನಡ ಮಾತ್ರ ಮನೆಯದು. ಹಾಗಾಗಿ ಇಂಗ್ಲಿಷಿನಲ್ಲಿ ಗಂಭೀರವಾಗಿದ್ದ ಚರಿತ್ರೆಯೆಲ್ಲ ಕನ್ನಡಕ್ಕೆ ಬಂದ ಕೂಡಲೇ ಅಕ್ಕಪಕ್ಕದ ಮನೆಯ ಸಮಾಚಾರವಾಯಿತು. "ಇಲ್ಲೊಬ್ಬ ಪಾಳೇಗಾರ ಇದ್ದನಮ್ಮ. ಅವನಿಗೂ ಪಕ್ಕದೋನಿಗೂ ಗಡಿ ಜಗಳ. ನಮ್ಮಲ್ಲಿ ಕಾಂಪೌಂಡ್ ಗೋಡೆಗೆ ಆಗಲ್ವೇ, ಅದೇ ಥರ." ಆಮೇಲೆ ಬಂದ ಸುಲ್ತಾನರಿಗೆ ಕೆಳಗಿನ ಸೆಖೆ ತಡೆಯುತ್ತಿರಲಿಲ್ಲವಂತೆ, ಅದಕ್ಕೇ ಬೆಟ್ಟದ ಮೇಲೆ ಮನೆ ಕಟ್ಟಿಸಿದರಂತೆ. ಬಿಳೀ ದೊರೆಗಳು ಬಂದ ಮೇಲೆ ತೋಟ ಹಾಕಿಸಿದರಂತೆ, "ಅವರಿಗೆ ಎಲ್ಲಿ ಹೋದರೂ ಹೂವಿನ ಕುಂಡ ಬೇಕು." ದೇವನಹಳ್ಳಿ ಬರುವ ಹೊತ್ತಿಗೆ ನಾವು ಯಾವ ರಾಜನ ಪರ ಎಂದು ಎರಡು ಪಂಗಡವಾಗಿದ್ದೆವು. ಶಾಲೆಯಲ್ಲಿ ಚರಿತ್ರೆ ಕಲಿತು ಮರೆತವಳು ನಾನು. ಆ ಮನುಷ್ಯ ಹೇಳಿದ್ದು ಇವತ್ತಿಗೂ ಮರೆತಿಲ್ಲ.

ಬೆಟ್ಟದ ಮೇಲೆ ಹೋದರೆ ಬರೀ ಮಂಜು. ಶೇಷಗಿರಿಯವರು ಎಡಕ್ಕೆ ಕೈ ತೋರಿಸಿದರು, ಬೆಳ್ಳಗಿತ್ತು. ಬಲಕ್ಕೆ ತೋರಿಸಿದರು, ಅಲ್ಲೂ ಬೆಳ್ಳಗಿತ್ತು. "ಇವತ್ತು ಎಡ ಬಲ ಎರಡೂ ಒಂದೇ ಅಮ್ಮ. ನಾನು ಹೇಳ್ತೀನಿ, ನೀವು ನಂಬ್ಕೊಳ್ಳಿ" ಎಂದರು. ಅವರು ಹೇಳಿದರು, ನಾವು ನಂಬಿದೆವು. ಇಲ್ಲಿ ಒಂದು ನದಿ ಹುಟ್ಟುತ್ತದೆ. ಇಲ್ಲಿ ಕೋಟೆಯ ಗೋಡೆ. ಇನ್ನು ಸ್ವಲ್ಪ ಮುಂದೆ ಹೋದರೆ ಬಂಡೆ, ಅದರಾಚೆ ಪ್ರಪಾತ, ಹಿಂದೆ ಕೈದಿಗಳನ್ನು ಅಲ್ಲಿಂದ ತಳ್ಳುತ್ತಿದ್ದರಂತೆ, ಅತ್ತ ಯಾರೂ ಹೋಗಬೇಡಿ. ನಾವು ಒಬ್ಬರ ಸೆರಗನ್ನೊಬ್ಬರು ಹಿಡಿದುಕೊಂಡು ನಗುತ್ತ ನಡೆದೆವು. ಬೀಸುವ ಗಾಳಿಗೆ ಮಡಿಸೀರೆಯವರೂ ಹುಡುಗಿಯರಾದರು. ತೋಟದ ಬಳಿ ಜಮಖಾನ ಹಾಸಿ ಪುಳಿಯೋಗರೆ, ಮೊಸರನ್ನ ತಿಂದೆವು. ಸುಶೀಲೆ ರೂಢಿಯಂತೆ ಎಲ್ಲರಿಗೂ ಬಡಿಸಿ ಕಡೆಗೆ ತಾನು ತಿಂದಳು.

ಊಟವಾದ ಮೇಲೆ ಶೇಷಗಿರಿಯವರು ತಲೆ ಎಣಿಸಿದರು. ಮತ್ತೆ ಎಣಿಸಿದರು. ಒಂದು ಕಡಿಮೆ. ನಾನು ಸುತ್ತ ನೋಡಿದೆ. ಸುಶೀಲೆ ಇರಲಿಲ್ಲ.

ಬುತ್ತಿಯ ಡಬ್ಬಿ ತೊಳೆಯುತ್ತೇನೆಂದು ಎದ್ದವಳನ್ನು ಯಾರೋ ನೋಡಿದ್ದರು, ಯಾವ ಕಡೆ ಹೋದಳೆಂದು ನೋಡಿರಲಿಲ್ಲ. ಮೊದಲು ಕರೆದೆವು, ಆಮೇಲೆ ಕೂಗಿದೆವು, ಆಮೇಲೆ ಎಲ್ಲರೂ ಒಟ್ಟಿಗೆ ಅರಚಿದೆವು. "ಸುಶೀಲಾ, ಸುಶೀಲಾ" ಎಂದು ಆ ಮಂಜೆಲ್ಲ ಅವಳ ಹೆಸರಾಯಿತು. ಉತ್ತರವಿಲ್ಲ. ಶೇಷಗಿರಿಯವರು ಹೇಳಿದ್ದರಲ್ಲಿ ಬೇರೆಲ್ಲ ಮರೆತು ಆ ಪ್ರಪಾತವೊಂದೇ ತಲೆಯಲ್ಲಿ ನಿಂತಿತು. ಅವಳು ಮನೆಯಲ್ಲಿ ಏನಾದರೂ ನೊಂದುಕೊಂಡಿದ್ದಳೇ, ನನಗೆ ಹೇಳಲಾರದೆ ಸುಮ್ಮನಿದ್ದಳೇ ಎಂದೆಲ್ಲ ಯೋಚನೆ ಬಂತು. ಬಾಯಿ ಬಿಟ್ಟು ಯಾರೂ ಆಡಲಿಲ್ಲ. ಆದರೆ ಎಲ್ಲರ ಮುಖದಲ್ಲೂ ಅದೇ ಇತ್ತು.

ಶೇಷಗಿರಿಯವರು ಮಾತ್ರ ಗಾಬರಿಯಾಗಲಿಲ್ಲ. ನಮ್ಮನ್ನೆಲ್ಲ ಮತ್ತೆ ಸೆರಗು ಹಿಡಿಸಿ ಸಾಲಾಗಿ ನಿಲ್ಲಿಸಿ, ತಾವು ಮುಂದೆ ನಿಂತು ಕೊಡೆಯ ತುದಿಯಿಂದ ನೆಲ ತಟ್ಟುತ್ತ ಬಂಡೆಯ ಕಡೆ ನಡೆಸಿದರು. ಕೋಟೆಗೋಡೆಯ ಹತ್ತಿರ ನಿಂತು, "ಎಲ್ಲರೂ ಸ್ವಲ್ಪ ಸುಮ್ಮನಿರೀಮ್ಮ. ಅವರು ಓಗೊಟ್ಟರೂ ಈ ಗದ್ದಲದಲ್ಲಿ ಕೇಳಿಸಲ್ಲ" ಎಂದರು.

ಸುಮ್ಮನಾದೆವು. ಗಾಳಿಯ ಸದ್ದು ಬಿಟ್ಟರೆ ಮೊದಲು ಏನೂ ಇಲ್ಲ. ಸ್ವಲ್ಪ ಹೊತ್ತಿಗೆ ಎಡಗಡೆಯಿಂದ ಸಣ್ಣಗೆ, ಲಯಬದ್ಧವಾಗಿ, ಒಂದು ಗೊರಕೆ ಕೇಳಿತು.

ಕೋಟೆಗೋಡೆ ಒಳಕ್ಕೆ ತಿರುಗುವ ಕಡೆ ಗಾಳಿ ತಾಕದ ಒಂದು ಮೂಲೆಯಿತ್ತು. ಅಲ್ಲಿ ಕಲ್ಲಿಗೆ ಒರಗಿ, ಸೆರಗನ್ನು ಕಿವಿಯ ಮೇಲಿನಿಂದ ಹೊದ್ದು, ತೊಳೆದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸುಶೀಲೆ ನಿದ್ದೆ ಮಾಡುತ್ತಿದ್ದಳು. ಅಂಥ ನಿದ್ದೆಯನ್ನು ನಾನು ದೊಡ್ಡವರಲ್ಲಿ ನೋಡಿಲ್ಲ. ಬಾಯಿ ಅರ್ಧ ತೆರೆದಿತ್ತು. ಹುಬ್ಬುಗಳ ನಡುವೆ ಯಾವಾಗಲೂ ಇರುತ್ತಿದ್ದ ಗೆರೆ ಇರಲಿಲ್ಲ.

ನನಗೆ ಅಳು ಬಂತು, ನಗುವೂ ಬಂತು. ವೆಂಕಮ್ಮನವರ ಮುಖ ಕೆಂಪಾಗಿತ್ತು. ಭುಜ ಹಿಡಿದು ಅಲುಗಿಸಲು ಮುಂದೆ ಹೋದವರು ಬಗ್ಗಿ ಅವಳ ಮುಖ ನೋಡಿದರು. ಚಾಚಿದ ಕೈ ಹಾಗೇ ನಿಂತಿತು. ಆಮೇಲೆ ಅದೇ ಕೈಯಿಂದ ತಮ್ಮ ಶಾಲು ತೆಗೆದು ಅವಳಿಗೆ ಹೊದಿಸಿ ನಮ್ಮ ಕಡೆ ತಿರುಗಿ, "ಕೂತ್ಕೊಳ್ಳಿ" ಎಂದರು. ಹೆಡ್‌ಮಿಸ್ಟ್ರೆಸ್ ಹೇಳಿದ ಮೇಲೆ ಕೂರದೆ ಉಂಟೇ, ಕೂತೆವು.

ಶೇಷಗಿರಿಯವರು ಗಡಿಯಾರ ನೋಡಿಕೊಂಡರು. ಬೆಟ್ಟದ ಕೆಳಗಿನ ದೊಡ್ಡ ದೇವಸ್ಥಾನ ನೋಡುವುದು ಇನ್ನೂ ಬಾಕಿಯಿತ್ತು. ವೆಂಕಮ್ಮನವರು ಮೆಲ್ಲಗೆ, "ದೇವಸ್ಥಾನ ಬಿಟ್ಟರೆ ನಿಮಗೆ ತೊಂದರೆಯೇ?" ಎಂದು ಕೇಳಿದರು.

"ನನಗೇನು ತೊಂದರೆ ಅಮ್ಮ? ದೇವರಿಗೂ ಆಗಲ್ಲ" ಎಂದರು ಅವರು. ಸುತ್ತ ಮಂಗಗಳು ಸೇರತೊಡಗಿದ್ದವು. ಅವುಗಳ ಕಣ್ಣು ಆ ಡಬ್ಬಿಯ ಮೇಲೆ. ಶೇಷಗಿರಿಯವರು ಕೊಡೆಯನ್ನು ಗದೆಯಂತೆ ಹೆಗಲಿಗೇರಿಸಿ ಸುಶೀಲೆಯ ಕಾಲ ಬಳಿ ಕಾವಲು ನಿಂತರು. ಸದ್ದು ಮಾಡದೆ ಮಂಗ ಓಡಿಸುವುದು ಎಷ್ಟು ಕಷ್ಟವೆಂದು ಓಡಿಸಿದವರಿಗೇ ಗೊತ್ತು. ಕೋಟು ತೊಟ್ಟ ಗಂಡಸು ಹಲ್ಲು ಕಿರಿದು, ಕಣ್ಣು ಬಿಟ್ಟು, ಮೂಕಾಭಿನಯದಲ್ಲಿ ಮಂಗಗಳನ್ನು ಹೆದರಿಸುತ್ತಿದ್ದರೆ ನಾವು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ಆಗ ಮಂಜು ತೆರೆಯಿತು. ಯಾರೋ ಹಾಲಿನ ಮೇಲಿನ ಕೆನೆ ಪಕ್ಕಕ್ಕೆ ಸರಿಸಿದ ಹಾಗೆ. ಕೆಳಗೆ, ಬಹಳ ಕೆಳಗೆ, ಕೆರೆಗಳು ಕಂಡವು. ಬಿಸಿಲಿನ ಒಂದು ಪಟ್ಟಿ ಹೊಲದಿಂದ ಹೊಲಕ್ಕೆ ಸರಿಯುತ್ತ ಹೋಯಿತು. ಯಾವುದೋ ಊರಿನಿಂದ ಒಲೆಯ ಹೊಗೆ ಎದ್ದಿತ್ತು. ಶೇಷಗಿರಿಯವರು ಕೈ ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಅಷ್ಟು ಹೊತ್ತು ಒಟ್ಟಿಗೆ ಮಾತಿಲ್ಲದೆ ಇದ್ದದ್ದು ನಮ್ಮ ಸಮಾಜದ ಇತಿಹಾಸದಲ್ಲೇ ಇಲ್ಲ. ಅದೆಲ್ಲ ನಡೆಯುವಾಗ ಸುಶೀಲೆ ನಿದ್ದೆಯಲ್ಲಿದ್ದಳು. ಅವಳು ಕಣ್ಣು ಬಿಡುವ ಹೊತ್ತಿಗೆ ಮಂಜು ಮತ್ತೆ ಮುಚ್ಚಿತ್ತು.

ಎದ್ದವಳೇ ಗಾಬರಿಯಿಂದ, "ಗಾಳಿ ಅಂತ ಒಂದು ನಿಮಿಷ ಕೂತೆ ಜಾನಕಕ್ಕ. ಯಾಕೆ ಎಬ್ಬಿಸ್ಲಿಲ್ಲ?" ಎಂದಳು.

ವೆಂಕಮ್ಮನವರು, "ಎಬ್ಬಿಸೋಕೆ ಮನೇಲಿ ಜನ ಇದ್ದಾರೆ. ನಾವು ಬೆಟ್ಟ ನೋಡೋಕೆ ಬಂದ್ವಿ" ಎಂದು ಶಾಲು ಮಡಿಸಿಕೊಂಡರು.

ಜಯನಗರ ಸೇರುವಾಗ ಬೀದಿದೀಪ ಹತ್ತಿ ಬಹಳ ಹೊತ್ತಾಗಿತ್ತು. ಬಸ್ಸು ನಿಲ್ಲುವ ಕಡೆ ಗಂಡಸರೆಲ್ಲ ಸಾಲಾಗಿ ನಿಂತಿದ್ದರು. ಅವರ ಮುಂದೆ, ಅಳುವ ಕೂಸನ್ನು ಎತ್ತಿಕೊಂಡು ಗೌರಮ್ಮ. ನಾನು ಇಳಿಯುವ ಮೊದಲೇ ಶೇಷಗಿರಿಯವರು ಇಳಿದು ಕೈಮುಗಿದು, "ತಪ್ಪು ಬಸ್ಸಿಂದು, ಕ್ಷಮಿಸ್ಬೇಕು. ಇಳಿಯುವಾಗ ಹಿಂದಿನ ಟಯರು ಪಂಕ್ಚರ್ ಆಯ್ತು. ಜಾಕ್ ಎತ್ತಿದರೆ ಅದೂ ಜಾರ್ತು. ಕೆಸರು ನೋಡಿ" ಎಂದು ಶುರುಮಾಡಿದರು. ದಿನವೆಲ್ಲ ಅವರು ಹೇಳಿದ ಕಥೆಗಳಲ್ಲಿ ಇದರಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ. ಗಂಡಸರಿಗೆ ಟಯರು, ಜಾಕು ಎಂದರೆ ಆಯಿತು; ನಮ್ಮನ್ನು ಬಿಟ್ಟು ಎಲ್ಲರೂ ಬಸ್ಸಿನ ಹಿಂದೆ ಹೋಗಿ ಬಗ್ಗಿ ನೋಡಿದರು. ಡ್ರೈವರ್ ಮಾತ್ರ ತನ್ನ ಬಸ್ಸಿಗೆ ಬಂದ ಅಪವಾದವನ್ನು ಹಲ್ಲು ಕಚ್ಚಿ ಸಹಿಸಿಕೊಂಡ. ಅವನ ತ್ಯಾಗವನ್ನೂ ನಾನು ಇಲ್ಲಿ ನೆನೆಯಬೇಕು. ಗೌರಮ್ಮ ಕೂಸನ್ನು ಸೊಸೆಯ ಕೈಗೆ ಕೊಟ್ಟು ನನ್ನ ಕಡೆ ನೋಡದೆ ನಡೆದರು.

ಅವರು ನನ್ನ ಮೇಲೆ ಮುನಿದಿದ್ದಾರೆಂದು ಕೆಲವು ದಿನ ನಾನು ಹಿತ್ತಲ ಕಡೆ ಹೋಗಲೇ ಇಲ್ಲ. ಒಂದು ಬೆಳಗ್ಗೆ ಅವರೇ ಬೇಲಿಯ ಬಳಿ ಬಂದರು.

"ಅವತ್ತು ಒಂದು ದಿನ ಅವಳ ಕೆಲಸ ನಾನು ಮಾಡ್ದೆ ಜಾನಕಿ. ಸಂಜೆಗೆ ಸೊಂಟ ಹಿಡ್ಕೊಂಡ್ತು" ಎಂದರು. "ನಾನು ಸೊಸೆಯಾಗಿದ್ದಾಗಲೂ ಹೀಗೇ ಹಿಡ್ಕೊಳ್ತಿತ್ತು. ಮರ್ತೇಹೋಗಿತ್ತು ನೋಡು. ಇನ್ನೊಂದು ಸಲ ಬೆಟ್ಟಕ್ಕೆ ಹೋದ್ರೆ ಹೇಳು, ನಾನೂ ಬರ್ತೀನಿ."

"ಮನೆ ಯಾರು ನೋಡ್ಕೋತಾರೆ ಗೌರಮ್ಮ?"

"ಅಷ್ಟೊಂದು ಗಂಡಸರಿದ್ದಾರಲ್ಲ" ಎಂದರು ಅವರು, ಆ ವಿಷಯ ಆಗತಾನೇ ಗಮನಕ್ಕೆ ಬಂದವರಂತೆ.

ಮಳೆಗಾಲ ಮುಗಿದು ಕಾರ್ತಿಕವೂ ಕಳೆದ ಮೇಲೆ ಮತ್ತೆ ಹೊರಟೆವು. ಅದೇ ಬಸ್ಸು, ಅದೇ ಶೇಷಗಿರಿಯವರು. ವೆಂಕಮ್ಮನವರು ಹಟ ಹಿಡಿದು ಅವರನ್ನೇ ಕೇಳಿ ಪಡೆದಿದ್ದರು. ಆಕಾಶ ತೊಳೆದಿಟ್ಟಂತಿತ್ತು, ಮಂಜಿನ ಸುಳಿವಿಲ್ಲ. ಗೌರಮ್ಮ ರೇಷ್ಮೆಸೀರೆ ಉಟ್ಟು ಸೊಸೆಯ ಪಕ್ಕದಲ್ಲಿ ಗತ್ತಿನಿಂದ ಕೂತರು. ಊರು ದಾಟುವುದರೊಳಗೆ ಅವರ ತಲೆ ವಾಲತೊಡಗಿತು. ಶೇಷಗಿರಿಯವರು ಎದ್ದು ನಿಂತು ಮೆಗಾಫೋನು ಬಾಯಿಗಿಟ್ಟವರು ಅತ್ತ ಒಮ್ಮೆ ನೋಡಿ ಅದನ್ನು ಸೀಟಿನ ಕೆಳಗಿಟ್ಟರು. ಆ ಪಾಳೇಗಾರರ ಜಗಳವನ್ನು ಈ ಸಲ ಪಿಸುಮಾತಿನಲ್ಲೇ ಹೇಳಿದರು.

ಸುಶೀಲೆ ಅತ್ತೆಯ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ಅವಳ ಕಣ್ಣು ಪೂರ್ತಿ ಎಚ್ಚರವಾಗಿದ್ದವು. ಬೆಟ್ಟ ದೂರದಲ್ಲಿ ನೀಲಿಯಾಗಿ ಕಾಣಿಸಿಕೊಂಡಾಗ ಅಲುಗಾಡದೆ ನನ್ನ ಕಡೆ ಕಣ್ಣು ಹೊರಳಿಸಿ, "ಅತ್ತೇನ ಎಬ್ಬಿಸ್ಲಾ ಜಾನಕಕ್ಕ?" ಎಂದು ಕೇಳಿದಳು.

ಮುಂದಿನ ಸೀಟಿನಿಂದ ವೆಂಕಮ್ಮನವರು ತಿರುಗದೆಯೇ ಹೇಳಿದರು: "ಬೆಟ್ಟ ಎಲ್ಲಿಗೂ ಹೋಗಲ್ಲ."