ಟೀ ಅಕ್ಕನ ಸಾಲುಗಳು

ಟೀ ಅಕ್ಕ ಕೆಲಸ ಬಿಟ್ಟು ವರ್ಷವಾಗಿತ್ತು. ಬಿಟ್ಟಳು ಎನ್ನುವುದಕ್ಕಿಂತ, ಕಚೇರಿಯ ಮೂರನೇ ಮಹಡಿಗೆ ಚಹಾ ಸುರಿಯುವ ಯಂತ್ರ ಬಂತು, ಅವಳ ಕೈಗಾಡಿ ಮೂಲೆ ಸೇರಿತು ಎನ್ನುವುದೇ ಸರಿ.

ವಿಡಿಯೋ ಗೇಮ್ ತಯಾರಿಸುವ ಆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ಗಾಡಿ ತಳ್ಳಿದವಳು ಅವಳು. ಒಂದು ಚಕ್ರ ಕಿರುಗುಡುತ್ತಿತ್ತು. ಎಣ್ಣೆ ಹಾಕಲು ಬಂದವರಿಗೆ, "ಬೇಡ್ರಪ್ಪಾ, ಹರಟೆ ಹೊಡೆಯೋರಿಗೆ ನಾನು ಬರೋದು ಗೊತ್ತಾಗ್ಲಿ" ಎನ್ನುತ್ತಿದ್ದಳು. ಪ್ರತಿ ಮಗ್ ಜೊತೆಗೆ ಒಂದು ಸಾಲು, ಮುಖ ನೋಡಿ ಆ ಗಳಿಗೆಯಲ್ಲೇ ಕಟ್ಟಿದ್ದು. ಮುಂಗೋಪಿ ಮ್ಯಾನೇಜರಿಗೆ, "ಸಕ್ಕರೆ ಕಮ್ಮಿ, ಸಿಟ್ಟೂ ಕಮ್ಮಿ." ಅವನೂ ನಗುತ್ತಿದ್ದ. ಅವಳ ಪಾಲಿನ ಲೋಟ ಮಾತ್ರ ಗಾಡಿಯ ಕೆಳಗಿನ ತಟ್ಟೆಯಲ್ಲಿ ಆರಿ ತಣ್ಣಗಾಗುತ್ತಿತ್ತು.

ಈಗ ಮನೆಯಲ್ಲಿ ಒಬ್ಬಳೇ, ಒಂದೇ ಲೋಟ. ಸಾಲು ಯಾರಿಗೆ ಹೇಳುವುದು, ಒಲೆಗೆ?

ಒಂದು ಭಾನುವಾರ ಕಚೇರಿಯ ಕನ್ನಡಕದ ಹುಡುಗಿ ಬಂದಳು. ಹೆಗಲಿಗೆ ಲ್ಯಾಪ್‌ಟಾಪ್, ಕೈಯಲ್ಲೊಂದು ಭಾರದ ಚೀಲ. ತಾನು ಮಾಡುತ್ತಿದ್ದ ಆಟ ತೋರಿಸಿದಳು. ಬೆಟ್ಟದ ಮೇಲೊಂದು ಗುಡಿಸಲು, ತಲೆ ಬಗ್ಗಿಸಿಯೇ ಒಳಬರಬೇಕಾದ ಗಿಡ್ಡ ಬಾಗಿಲು. ಜಪಾನಿನವರು ಅತಿಥಿಗೆ ಚಹಾ ಕೊಡುವ ಕ್ರಮ ನೋಡಿ ಮಾಡಿದ್ದಂತೆ. ಒಳಗಿನ ಮುದುಕಿ ಬಟ್ಟಲಿನ ಚೆಂದದ ಮೈಯನ್ನು ಅತಿಥಿಯ ಕಡೆ ತಿರುಗಿಸಿಟ್ಟು, ಕವಿತೆಯ ಒಂದು ಸಾಲು ಹೇಳುತ್ತಾಳೆ. ಆಡುವವರು ಅದಕ್ಕೊಪ್ಪುವ ಸಾಲು ಕೂಡಿಸಿದರೆ ಮಾತ್ರ ಮುಂದಿನ ದಾರಿ.

"ಮುದುಕಿಗೆ ನಲವತ್ತು ಸಾಲು ಬರೆದೆ ಅಕ್ಕ, ಎಲ್ಲಾ ಸಪ್ಪೆ. ನಾಳೆಯೊಳಗೆ ಸರಿಹೋಗ್ದಿದ್ರೆ ಆಟದಿಂದ ಗುಡಿಸಲನ್ನೇ ಕಿತ್ತಾಕ್ತಾರಂತೆ. ನೀವು ಹೇಳ್ತಾ ಹೋಗಿ, ನಾನು ಬರ್ಕೋತೀನಿ."

ಅಕ್ಕ ಇಬ್ಬರಿಗೂ ಚಹಾ ಮಾಡಿಟ್ಟು, ಕೈ ಒರೆಸಿಕೊಂಡು ನೆಟ್ಟಗೆ ಕೂತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಊಹೂಂ.

"ಹೋಯ್ತು ಕಣೇ. ಆ ಯಂತ್ರ, ಗಾಡಿ ಜೊತೆಗೆ ನನ್ನ ನಾಲಿಗೇನೂ ತಗೊಂಡ್ಹೋಯ್ತು." ಕೆಲಸ ಹೋದ ದಿನವೂ ಅಳದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಡುಗಿ ಚೀಲ ಬಿಚ್ಚಿದಳು. "ಕಾಗದದ ಲೋಟ ಬಂದ್ಮೇಲೆ ಇವನ್ನೆಲ್ಲ ಎಸೆಯೋಕೆ ಇಟ್ಟಿದ್ರು. ನಿಮಗಿರ್ಲಿ ಅಂತ ತಂದೆ."

ಹಳೆಯ ಮಗ್ಗುಗಳು. ಅಕ್ಕ ಹಿಡಿ ಮುರಿದ ನೀಲಿಯದನ್ನು ಎತ್ತಿಕೊಂಡಳು. ಕೈಗೆ ಭಾರ ತಾಗಿತು. "ಇದು ಮದುವೆ ಮುರಿದವನದಲ್ವಾ? ತಿಂಗಳೆಲ್ಲಾ ಕಿಟಕಿ ನೋಡ್ತಾ ಕೂತಿದ್ದ." ತುಟಿ ತಾನಾಗಿ ಅಲುಗಿತು: "ಹೋದೋರು ಹೋದ್ರು, ಹಬೆ ಹೋಗೋದ್ರೊಳಗೆ ಕುಡಿ."

ಹುಡುಗಿ ಪೆನ್ನಿಗೆ ತಡಕಾಡಿದಳು.

ಇನ್ನೊಂದು ಮಗ್, ಪರದೆಯಿಂದ ತಲೆಯೆತ್ತದವನದು: "ಬಿಸಿ ನಂದು, ಬಿಡುವು ನಿಂದು." ಹೀಗೇ ಒಂದಾದ ಮೇಲೊಂದು, ಸಂಜೆಯವರೆಗೆ. ಕೊನೆಗೆ ಬೆಕ್ಕಿನ ಚಿತ್ರದ್ದು ಕೈಗೆ ಬಂತು. ಅಕ್ಕ ನಕ್ಕಳು. "ಇದು ನಿಂದು. ಕೆಲಸಕ್ಕೆ ಸೇರಿದ ಮೊದಲ ದಿನ ನೀನು ಮೆಟ್ಟಿಲ ಮೇಲೆ ಕೂತು ಅಳ್ತಿದ್ದೆ ನೋಡು, ಆವತ್ತು ನಾನು ಹೇಳಿದ್ದೆ: 'ಅಳು ಆಮೇಲೂ ಬರುತ್ತೆ, ಚಹಾ ಆರಿಹೋಗುತ್ತೆ.' ಇದನ್ನ ಬರ್ಕೋಬೇಡ. ನಿಂದು ನಿನಗೇ ಇರ್ಲಿ."

"ಇನ್ನು ಗುಡಿಸಲು ಯಾರು ಕೀಳ್ತಾರೋ ನಾನೂ ನೋಡ್ತೀನಿ!" ಎಂದು ಎದ್ದ ಹುಡುಗಿಯ ಕಣ್ಣು ಅಕ್ಕನ ಲೋಟದ ಮೇಲೆ ಬಿತ್ತು. ಕೆನೆ ಕಟ್ಟಿ ತಣ್ಣಗೆ ಕೂತಿತ್ತು. ಅದನ್ನು ಚೆಲ್ಲಿ, ಹೊಸದಾಗಿ ಕುದಿಸಿ, ನೀಲಿ ಮಗ್ಗಿಗೆ ಸುರಿದಳು. ಮುರಿದ ಹಿಡಿಯನ್ನು ತನ್ನ ಕಡೆ ತಿರುಗಿಸಿ, ಎರಡೂ ಕೈಯಲ್ಲಿ ಚಾಚಿದಳು.

"ಊರಿಗೆಲ್ಲ ಬಿಸಿ ಕೊಟ್ರಿ, ನಿಮ್ಮದನ್ನ ಆರೋಕೆ ಬಿಟ್ರಿ."

ಅಕ್ಕ ಎರಡೂ ಕೈಯಲ್ಲಿ ಮಗ್ಗನ್ನು ತೆಗೆದುಕೊಂಡಳು. ಆಮೇಲೆ ಒಂದು ಗುಟುಕು ಹೀರಿದಳು.

"ಸಾಲು ಪರವಾಗಿಲ್ಲ ಕಣೇ. ಚಹಾ ಮಾತ್ರ ಆ ಯಂತ್ರಕ್ಕಿಂತ ಕಡೆ," ಎಂದವಳು, ನಾಲಿಗೆ ಸುಟ್ಟರೂ ಬಿಡದೆ, ತಳ ಕಾಣುವವರೆಗೆ ಬಿಸಿಬಿಸಿಯಾಗಿಯೇ ಕುಡಿದಳು.